ಎಡಗಡೆಯ ಸಣ್ಣ ಕಿಡ್ನಿ

ಡಾಪ್ಲರ್ ಇರುವ ಹೊಸ ಅಲ್ಟ್ರಾಸೌಂಡ್ ಯಂತ್ರ ಬಂದ ದಿನದಿಂದ ನನ್ನ ನೆಮ್ಮದಿ ಹೊರಟುಹೋಯಿತು. ಹಳೆಯ ಯಂತ್ರದ ಜೊತೆ ಬದುಕು ಸರಾಗವಾಗಿತ್ತು. ಹೊಟ್ಟೆಗೆ ಜೆಲ್ಲಿ ಹಚ್ಚುವುದು, ಪ್ರೋಬ್ ಇಡುವುದು, ಪಿತ್ತಕೋಶದಲ್ಲಿ ಕಲ್ಲಿದೆ ಅಥವಾ ಇಲ್ಲ ಎಂದು ಬರೆದುಕೊಟ್ಟು ಮುಂದಿನವರನ್ನು ಕರೆಯುವುದು. ಹೊಸದು ಚಿತ್ರ ತೋರಿಸಿ ಸುಮ್ಮನಾಗುವ ಜಾತಿಯಲ್ಲ. ಪರದೆಯಲ್ಲಿ ಕಾಣುವ ರಕ್ತನಾಳದ ಮೇಲೆ ಎರಡು ಪುಟ್ಟ ಗೆರೆಗಳನ್ನು ತಂದು ನಿಲ್ಲಿಸಿ ಗುಂಡಿ ಒತ್ತಿದರೆ, ಆ ಗೆರೆಗಳ ನಡುವೆ ಹರಿಯುವ ರಕ್ತದ ವೇಗ ಅಲೆ ಅಲೆಯಾಗಿ ಮೂಡುತ್ತಿತ್ತು. ಸ್ಪೀಕರಿನಲ್ಲಿ ಅದರ ಸದ್ದೂ ಕೇಳುತ್ತಿತ್ತು. ಕಂಪನಿಯ ಎಂಜಿನಿಯರ್ ಒಂದಿಷ್ಟು ಗುಂಡಿಗಳನ್ನು ಪರಿಚಯ ಮಾಡಿಸಿ, ಕೈಪಿಡಿಯನ್ನು ಮೇಜಿನ ಮೇಲಿಟ್ಟು, ಕಾಫಿ ಕುಡಿದು ಹೋದರು. ಉಳಿದದ್ದು ನನ್ನ ಹಣೆಬರಹ.

ಇದು ಎಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಆಸ್ಪತ್ರೆ ಆರ್.ಟಿ. ನಗರದಲ್ಲಿತ್ತು, ಒಂದು ಟ್ರಸ್ಟಿನವರದು. ನಾನು ಸಂಜಯನಗರದಿಂದ ಬಳ್ಳಾರಿ ರಸ್ತೆ ದಾಟಿ, ಗಂಗಾನಗರದ ಮೂಲಕ ನಡೆದೇ ಬರುತ್ತಿದ್ದೆ. ದಾರಿಯುದ್ದಕ್ಕೂ ಒಂದು ಕೈಯ ಬೆರಳುಗಳು ಇನ್ನೊಂದು ಕೈಯ ನಾಡಿಯ ಮೇಲಿರುತ್ತಿದ್ದವು. ಅಲೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಗುನುಗಿಕೊಳ್ಳುತ್ತಾ ಹೋಗುವ ಹೆಂಗಸನ್ನು ಕಂಡು ಯಾರಾದರೂ ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದರೆ, ಅವರದೇನೂ ತಪ್ಪಿಲ್ಲ.

ಒಂದು ಬುಧವಾರ ಮಕ್ಕಳ ಡಾಕ್ಟರು ಒಬ್ಬ ಹುಡುಗಿಯನ್ನು ಕಳಿಸಿದರು. ಎಂಟೊಂಬತ್ತು ವರ್ಷವಿರಬೇಕು. ಕಡ್ಡಿಯಂತಹ ಮೈ, ದೊಡ್ಡ ಕಣ್ಣು. ಆರು ತಿಂಗಳಿಂದ ತಲೆನೋವು ಅನ್ನುತ್ತಿದ್ದಳಂತೆ. ಮನೆಯವರು ಕನ್ನಡಕ ಹಾಕಿಸಿದ್ದರು. ಕೊನೆಗೆ ಶಾಲೆಯಲ್ಲಿ ಫಿಟ್ಸ್ ಬಂದು ಬಿದ್ದಾಗ ಯಾರೋ ಬಿ.ಪಿ. ನೋಡಿದರು. ವಯಸ್ಸಾದವರಿಗೆ ಇದ್ದರೂ ಗಾಬರಿಯಾಗುವಷ್ಟು ಬಿ.ಪಿ. ಆ ಮಗುವಿನಲ್ಲಿತ್ತು.

ಮಕ್ಕಳಿಗೆ ಬಿ.ಪಿ. ಸುಮ್ಮಸುಮ್ಮನೆ ಬರುವುದಿಲ್ಲ. ಬಹಳ ಸಲ ಹಿಂದೆ ಕಿಡ್ನಿ ಇರುತ್ತದೆ. ತನಗೆ ಸಾಕಷ್ಟು ರಕ್ತ ಬರುತ್ತಿಲ್ಲ ಅನ್ನಿಸಿದರೆ ಕಿಡ್ನಿ ಒಂದು ರಾಸಾಯನಿಕವನ್ನು ರಕ್ತಕ್ಕೆ ಬಿಟ್ಟು ಇಡೀ ಮೈಯ ಒತ್ತಡವನ್ನು ಏರಿಸಿಬಿಡುತ್ತದೆ. ಈ ಹುಡುಗಿಯ ಎಕ್ಸ್‌ರೇಯಲ್ಲಿ ಎಡಗಡೆಯ ಕಿಡ್ನಿ ಬಲಗಡೆಯದಕ್ಕಿಂತ ಸ್ಪಷ್ಟವಾಗಿ ಸಣ್ಣದಾಗಿ ಕಂಡಿತ್ತು. ಅದೇ ಕಳ್ಳ ಎಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ಸರ್ಜನ್ ಅದನ್ನು ತೆಗೆಯುತ್ತಾರೆ, ಬಿ.ಪಿ. ಇಳಿಯುತ್ತದೆ, ಇನ್ನೊಂದು ಕಿಡ್ನಿಯಲ್ಲಿ ಅವಳು ನೂರು ವರ್ಷ ಬದುಕುತ್ತಾಳೆ. ಆ ಕಾಲಕ್ಕೆ ಅದು ತಪ್ಪು ಯೋಚನೆಯೇನಲ್ಲ. ಎಷ್ಟೋ ಮಕ್ಕಳು ಹಾಗೆಯೇ ಗುಣವಾಗಿದ್ದರು.

"ಸೋಮವಾರ ಆಪರೇಷನ್ ಇಟ್ಕೊಂಡಿದೀವಿ," ಅಂದರು ಮಕ್ಕಳ ಡಾಕ್ಟರು. "ಹೆಂಗೂ ಹೊಸ ಮಿಷನ್ ಬಂದಿದೆಯಲ್ಲ, ಆ ಸಣ್ಣ ಕಿಡ್ನಿಗೆ ರಕ್ತ ಎಷ್ಟು ಹೋಗ್ತಿದೆ ನೋಡ್ಬಿಡಿ. ಬರೆದಿಟ್ಟಿರೋಣ."

ಬರೆದಿಟ್ಟಿರೋಣ ಎಂಬ ಮಾತಿನಲ್ಲೇ ಗೊತ್ತಾಗುತ್ತಿತ್ತು, ನಾನು ಏನು ಬರೆದರೂ ಸೋಮವಾರ ಬದಲಾಗುವುದಿಲ್ಲ ಎಂದು.

ವಾರ್ಡಿಗೆ ಸೇರಿಸಿದ್ದ ಹುಡುಗಿಯ ಜೊತೆ ಅವಳ ನಾನಿ ಇದ್ದರು, ತಾಯಿಯ ತಾಯಿ. ತಾಯಿ ಮನೆಯಲ್ಲಿ ಕೈಗೂಸಿನ ಬಾಣಂತಿ. ತಂದೆಗೆ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಮಂಡಿ. ಲಾರಿ ಇಳಿಸುವ ಹೊತ್ತು ತಪ್ಪಿಸಿ ಆಗಾಗ ಬಂದು, ಸ್ಕೂಟರಿನ ಬೀಗದ ಕೈಯನ್ನು ಕೈಯಲ್ಲಿ ತಿರುಗಿಸುತ್ತಾ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಮೊದಲ ದಿನ ಹೊಟ್ಟೆಯ ಮೇಲಿಂದ ನೋಡಲು ಹೋದೆ. ಕೈಪಿಡಿಯಲ್ಲಿ ಹಾಗೆಯೇ ಇತ್ತು: ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ನಾಳವನ್ನು ಮುಂದಿನಿಂದ ಹುಡುಕಿ, ಅದರಿಂದ ಕಿಡ್ನಿಗೆ ಕವಲೊಡೆಯುವ ಜಾಗವನ್ನು ಹಿಡಿಯಬೇಕು. ಬರೆದವರಿಗೇನು, ಬರೆದರು. ಕರುಳಿನಲ್ಲಿ ಗಾಳಿ ಇದ್ದರೆ ಅಲ್ಟ್ರಾಸೌಂಡಿಗೆ ಅದು ಗೋಡೆ. ಈ ಮಗುವಿನ ಹೊಟ್ಟೆಯಲ್ಲಿ ಬರೀ ಗೋಡೆಯೇ ಇತ್ತು.

"ಬೆಳಿಗ್ಗೆ ಏನ್ ತಿಂದ್ಲು?" ಎಂದೆ.

"ಏನೂ ಇಲ್ಲ, ಡಾಕ್ಟರಮ್ಮಾ," ಅಂದರು ನಾನಿ. "ಒಂದು ಬನ್ನು, ಸೊಲ್ಪ ಚಾ. ಅಷ್ಟೇ."

ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ ಬಂದಳು. ಆದರೆ ಹಸಿವಿಗೆ ಅಳುತ್ತಾ ಬಂದಳು. ಅತ್ತರೆ ಮಕ್ಕಳು ಗಾಳಿ ನುಂಗುತ್ತಾರೆ. ಮತ್ತೆ ಗೋಡೆ. ಸಾಲದ್ದಕ್ಕೆ ನಾನು ಡಾಪ್ಲರ್ ಗುಂಡಿ ಒತ್ತುತ್ತಿದ್ದಂತೆ ಪರದೆಯ ತುಂಬ ಬಿಳಿ ಮಂಜು ತುಂಬಿಕೊಂಡು, ಸ್ಪೀಕರ್ ಕಿವಿ ಕಿತ್ತುಹೋಗುವ ಹಾಗೆ ಗೊರ್ ಅನ್ನತೊಡಗಿತು. ಹುಡುಗಿ ಕಿಟಾರನೆ ಕಿರುಚಿದಳು. ಯಂತ್ರ ಕೆಟ್ಟಿತೆಂದುಕೊಂಡೆ. ತಂತಿಗಳನ್ನೆಲ್ಲ ಕಿತ್ತು ಸಿಕ್ಕಿಸಿದೆ, ಸ್ಟೆಬಿಲೈಸರ್‌ಗೆ ಒಂದು ಏಟು ಹಾಕಿದೆ. ಆಮೇಲೆ ಹೊಳೆಯಿತು: ಗೋಡೆಯ ಆಚೆ ಫಿಸಿಯೋಥೆರಪಿ ಕೋಣೆ. ಅಲ್ಲಿ ಮಂಡಿನೋವಿನವರಿಗೆ ಶಾಖ ಕೊಡುವ ವಿದ್ಯುತ್ ಯಂತ್ರ ಹಚ್ಚಿದಾಗಲೆಲ್ಲ ನನ್ನ ಡಾಪ್ಲರ್‌ಗೆ ಹುಚ್ಚು ಹಿಡಿಯುತ್ತಿತ್ತು. ಹೋಗಿ ನಿಲ್ಲಿಸಿ ಎಂದೆ. ಅಲ್ಲಿ ಮಲಗಿದ್ದ ಹಿರಿಯರೊಬ್ಬರು, "ಏನಮ್ಮಾ, ಈಗಷ್ಟೇ ಬಿಸಿ ಹತ್ತಿತ್ತು," ಎಂದು ಮುಖ ಸಿಂಡರಿಸಿದರು. ನನಗೂ ಬಿಸಿ ಹತ್ತಿತ್ತು, ಹೇಳಲಿಲ್ಲ.

ಆ ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಯೋಚಿಸಿದೆ. ಮುಂದಿನಿಂದ ದಾರಿ ಇಲ್ಲ. ಕಿಡ್ನಿ ಇರುವುದು ಬೆನ್ನಿನ ಕಡೆ, ಪಕ್ಕೆಯಲ್ಲಿ. ಅಲ್ಲಿಂದ ನೋಡಿದರೆ ನಡುವೆ ಕರುಳು ಬರುವುದೇ ಇಲ್ಲ. ದೊಡ್ಡ ನಾಳ ಕವಲೊಡೆಯುವ ಜಾಗ ಸಿಗದಿದ್ದರೆ ಬೇಡ, ಕಿಡ್ನಿಯ ಒಳಗೇ ಹರಡಿಕೊಂಡಿರುವ ಸಣ್ಣ ನಾಳಗಳ ಮೇಲೆ ಆ ಎರಡು ಗೆರೆ ಇಟ್ಟರೆ? ನಲ್ಲಿಯ ನೀರು ಹೇಗೆ ಬರುತ್ತಿದೆ ಎಂದು ನೋಡಿದರೆ ಬೀದಿಯ ಪೈಪಿನಲ್ಲಿ ಏನಾಗಿದೆ ಎಂದು ಅಂದಾಜು ಮಾಡಬಹುದಲ್ಲ. ಇದನ್ನು ಕೈಪಿಡಿ ಹೇಳಿರಲಿಲ್ಲ. ನನಗೂ ಖಚಿತವಿರಲಿಲ್ಲ. ಡಬ್ಬಿ ಮುಚ್ಚಿ ಹುಡುಗಿಯನ್ನು ಮತ್ತೆ ಕರೆಸಿದೆ.

ಈ ಸಲ ಹೊಟ್ಟೆಗೆ ಹಾಲು ಬಿಸ್ಕತ್ತು ಬಿದ್ದಿತ್ತು, ಅಳು ನಿಂತಿತ್ತು. ಬಲಮಗ್ಗುಲಾಗಿ ಮಲಗಿಸಿ, ಎಡಗೈಯನ್ನು ತಲೆಯ ಮೇಲೆ ತರಿಸಿದೆ. ಮೇಲುತೋಳಿನಲ್ಲಿ ಕಪ್ಪು ದಾರದಿಂದ ಕಟ್ಟಿದ ಒಂದು ಚರ್ಮದ ತಾಯಿತ ಇತ್ತು. ಅದು ಪ್ರೋಬಿನ ತಂತಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿಕೊಂಡೆ. "ಡರ್ ನಕ್ಕೋ, ಬೇಟಾ," ಎಂದು ಧೈರ್ಯ ಹೇಳುತ್ತಾ ನಾನಿ ತಲೆ ಸವರುತ್ತಿದ್ದರು. ಮಗುವಿನ ಉಸಿರಿನ ಜೊತೆ ಕಿಡ್ನಿಯೂ ಮೇಲೆ ಕೆಳಗೆ ಆಡುತ್ತದೆ, ನಾಳ ಗೆರೆಯಿಂದ ತಪ್ಪಿಸಿಕೊಳ್ಳುತ್ತದೆ. ಉಸಿರು ಹಿಡಿ ಎಂದರೆ ಹುಡುಗಿ ಕೆನ್ನೆ ಉಬ್ಬಿಸಿ ನಗುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ನಾಲ್ಕೈದು ಅಲೆ ಒಟ್ಟಿಗೆ ಸಿಕ್ಕವು.

ಆರೋಗ್ಯವಾದ ಕಿಡ್ನಿಯ ಒಳಗೆ, ಹೃದಯ ಬಡಿದ ತಕ್ಷಣ ಅಲೆ ನೆಟ್ಟಗೆ ಮೇಲೇಳುತ್ತದೆ, ಆಮೇಲೆ ನಿಧಾನವಾಗಿ ಜಾರುತ್ತದೆ. ಈ ಎಡಗಡೆಯ ಅಲೆ, ಉಂಡು ಮಲಗಿದವನನ್ನು ಎಬ್ಬಿಸಿದ ಹಾಗೆ, ಮನಸ್ಸಿಲ್ಲದ ಮನಸ್ಸಿನಿಂದ ಏರಿ, ದುಂಡಗಾಗಿ, ಹಾಗೆಯೇ ಇಳಿಯುತ್ತಿತ್ತು. ಸದ್ದೂ ಮೆತ್ತಗೆ. ರಕ್ತ ಎಲ್ಲೋ ಮೇಲೆ ಇಕ್ಕಟ್ಟಿನಲ್ಲಿ ಸಿಕ್ಕಿ, ಸುಸ್ತಾಗಿ ಬರುತ್ತಿದೆ ಎಂದರ್ಥ. ನನಗೆ ಕುಣಿಯುವಷ್ಟು ಖುಷಿಯಾಯಿತು. ಯಂತ್ರ ಮಾತಾಡಿತ್ತು.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಹೋಲಿಸಲು ಇರಲಿ ಎಂದು ಹುಡುಗಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ ಬಲಗಡೆಯ ಕಿಡ್ನಿ ನೋಡಿದೆ. ಗಾತ್ರ ಚೆನ್ನಾಗಿತ್ತು. ಚಿತ್ರ ಚೆನ್ನಾಗಿತ್ತು. ಅಲೆ ಮಾತ್ರ ಅದೇ: ಮೆಲ್ಲಗೆ ಏರಿ, ದುಂಡಗಾಗಿ, ಮೆಲ್ಲಗೆ ಇಳಿಯುತ್ತಿತ್ತು.

ಎಲ್ಲರೂ ಒಳ್ಳೆಯದು ಎಂದುಕೊಂಡಿದ್ದ, ಅವಳು ಜೀವಮಾನವೆಲ್ಲ ನೆಚ್ಚಿಕೊಳ್ಳಬೇಕಿದ್ದ ಕಿಡ್ನಿ ಅದು. ಅದಕ್ಕೂ ರಕ್ತ ಸಾಲುತ್ತಿಲ್ಲ ಎಂದಾದರೆ, ಎಡಗಡೆಯದನ್ನು ತೆಗೆದರೆ ಬಿ.ಪಿ. ಇಳಿಯುವುದಿಲ್ಲ. ಮೇಲಾಗಿ ಎರಡಿದ್ದ ಕಡೆ ಒಂದೇ ಉಳಿಯುತ್ತದೆ, ಅದೂ ರೋಗದ್ದು.

ಅವತ್ತು ಗುರುವಾರ ಸಂಜೆ. ಸರ್ಜನ್ ವಯಸ್ಸಿನಲ್ಲಿ ದೊಡ್ಡವರು, ಕೈಚಳಕದಲ್ಲಿ ಇನ್ನೂ ದೊಡ್ಡವರು. ಅವರು ಹೊಲಿಗೆ ಹಾಕುವುದನ್ನು ನೋಡಲೆಂದೇ ಕಿರಿಯರು ಸಾಲುಗಟ್ಟುತ್ತಿದ್ದರು. ನನ್ನ ಅಲೆಯ ಪೋಲರಾಯ್ಡ್ ಫೋಟೋಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಪರದೆ ಓಡೋ ಸ್ಪೀಡು ಜಾಸ್ತಿ ಇಟ್ಟಿದೀರಿ, ಮೇಡಂ. ಸ್ಪೀಡ್ ಜಾಸ್ತಿ ಮಾಡಿದ್ರೆ ಎಂಥಾ ಬೆಟ್ಟಾನೂ ದಿಬ್ಬದ ಥರ ಕಾಣುತ್ತೆ."

"ಎರಡು ಕಡೇನೂ ಒಂದೇ ಸ್ಪೀಡು, ಸರ್."

"ಅದಕ್ಕೇ ಎರಡು ಕಡೇನೂ ಒಂದೇ ಥರ ಬಂದಿದೆ," ಎಂದು ನಕ್ಕರು. "ಮಿಷನ್ ಬಂದು ಇನ್ನೂ ಮೂರು ತಿಂಗಳಾಗಿಲ್ಲ. ಅದು ಹೇಳ್ತು ಅಂತ ನಾನು ಚಾಕು ಕೆಳಗಿಡ್ಲಾ?"

ಅವರ ಮಾತಿಗೆ ಕೋಪ ಬಂದಿದ್ದಕ್ಕಿಂತ ಹೆಚ್ಚಾಗಿ, ಅದು ನಿಜವಿದ್ದರೂ ಇರಬಹುದು ಎಂಬ ಭಯ ಬಂತು. ಮನೆಗೆ ಹೋಗಿ ಅನ್ನ ಕಲಸಿದ್ದೇ ಬಂತು, ತಿನ್ನಲಾಗಲಿಲ್ಲ. ಯಂತ್ರ ಸುಳ್ಳು ಹೇಳುತ್ತಿದೆಯೋ, ನನ್ನ ಕಣ್ಣು ಸುಳ್ಳು ಹೇಳುತ್ತಿದೆಯೋ? ಆಸ್ಪತ್ರೆಯಲ್ಲಿ ಇದನ್ನು ಕೇಳಬಹುದಾದ ಇನ್ನೊಬ್ಬರಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಒಂದು ದಾರಿ ಕಂಡಿತು. ಟಾನ್ಸಿಲ್ ತೆಗೆಸಲು ಅದೇ ವಯಸ್ಸಿನ ಇನ್ನೊಬ್ಬ ಹುಡುಗಿ ವಾರ್ಡಿನಲ್ಲಿದ್ದಳು. ಅವಳ ತಾಯಿಗೆ ವಿಷಯ ವಿವರಿಸಿ ಒಪ್ಪಿಸಿ, ಒಂದು ಗುಂಡಿಯನ್ನೂ ಕದಲಿಸದೆ, ಅದೇ ಸ್ಪೀಡು, ಅದೇ ಮಗ್ಗುಲು, ಅದೇ ಜಾಗದಲ್ಲಿ ಗೆರೆ ಇಟ್ಟು ನೋಡಿದೆ. ಅಲೆ ಗೋಡೆ ಹತ್ತುವ ಹಾಗೆ ನೆಟ್ಟಗೆ ಎದ್ದಿತು. ಎರಡೂ ಕಡೆ. ತಕ್ಷಣ ನಮ್ಮ ಹುಡುಗಿಯನ್ನು ಅದೇ ಮಂಚಕ್ಕೆ ತಂದು ನೋಡಿದೆ. ಮತ್ತೆ ಅದೇ ಮೆಲ್ಲನೆಯ ದಿಬ್ಬ. ಅಂದರೆ ಯಂತ್ರದ್ದು ತಪ್ಪಿಲ್ಲ.

ಎರಡು ಕಿಡ್ನಿಗೂ ಒಂದೇ ಸಮನೆ ಸುಸ್ತಾದ ರಕ್ತ ಬರುತ್ತಿದ್ದರೆ, ಇಕ್ಕಟ್ಟು ಕವಲೊಡೆಯುವುದಕ್ಕೂ ಮೊದಲೇ, ದೊಡ್ಡ ನಾಳದಲ್ಲೇ ಇರಬಹುದಲ್ಲ. ಪಕ್ಕೆಯಿಂದಲೇ ಪ್ರೋಬನ್ನು ಸ್ವಲ್ಪ ಓರೆ ಮಾಡಿ, ಬೆನ್ನುಮೂಳೆಯ ಪಕ್ಕ ಇಳಿಯುವ ಆ ನಾಳವನ್ನು ಹಿಡಿದೆ. ಕಿಡ್ನಿಗಿಂತ ಕೆಳಗೆ ಅದರಲ್ಲೂ ಮೆಲ್ಲನೆಯ ಅಲೆ. ಗೆರೆಗಳನ್ನು ಬೆರಳಗಲ ಬೆರಳಗಲ ಮೇಲೆ ಸರಿಸುತ್ತಾ ಹೋದೆ. ಕಿಡ್ನಿಯ ಕವಲಿಗಿಂತ ತುಸು ಮೇಲೆ ಬಂದಾಗ ಸದ್ದು ಒಮ್ಮೆಲೇ ಬದಲಾಯಿತು. ಒರಟಾದ, ಗರಗಸ ಎಳೆದಂತಹ ಸದ್ದು. ಅಲೆ ಪರದೆಯ ಮೇಲಂಚು ದಾಟಿಹೋಯಿತು.

"ಏನದು?" ಎಂದಳು ಹುಡುಗಿ.

"ನಿನ್ ರಕ್ತ ಕಣೇ. ಸಣ್ಣ ಸಂದೀಲಿ ನುಗ್ತಾ ಇದೆ."

"ಯಾಕೆ?"

ಅದೇ ನನಗೂ ಬೇಕಿದ್ದ ಉತ್ತರ.

ದೊಡ್ಡ ನಾಳ ಹೊಟ್ಟೆಯಲ್ಲಿ ಕಿರಿದಾಗಿದ್ದರೆ ಕಾಲಿನ ಬಿ.ಪಿ. ಕೈಗಿಂತ ಕಡಿಮೆ ಇರಬೇಕು. ಸಾಮಾನ್ಯವಾಗಿ ಅದು ಸಮ, ಇಲ್ಲವೇ ಜಾಸ್ತಿ. ಮಕ್ಕಳ ಡಾಕ್ಟರು ಅವಳ ತೊಡೆಯ ನಾಡಿ ಮುಟ್ಟಿ ನೋಡಿದ್ದರು. ಸಿಗುತ್ತದೆ, ಸ್ವಲ್ಪ ಮೆತ್ತಗಿದೆ, ಮಗು ಬಡಕಲು ಎಂದು ಬಿಟ್ಟಿದ್ದರು. ದೊಡ್ಡವರ ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯನ್ನು ಅವಳ ತೊಡೆಗೆ ಸುತ್ತಿ, ಪಾದದ ನಾಡಿಯ ಮೇಲೆ ಪೆನ್ಸಿಲ್ ಗಾತ್ರದ ಸಣ್ಣ ಡಾಪ್ಲರ್ ಹಿಡಿದು ಒತ್ತಡ ನೋಡಿದೆ. ಬಲಗೈಯಲ್ಲಿ ಇದ್ದದ್ದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

"ಎಡಗೈದು ಎಷ್ಟಿದೆ, ಸಿಸ್ಟರ್?" ಎಂದೆ ಬಿ.ಪಿ. ಚಾರ್ಟ್ ಕಡೆ ನೋಡದೆಯೇ, ಹೋಲಿಸಲು ಆ ಕೈಯದೂ ಇರಲಿ ಎಂದು.

ವಾರ್ಡಿನ ಸಿಸ್ಟರ್ ಶೆಟ್ಟಿಹಳ್ಳಿಯವರು, ಕೆಲಸದಲ್ಲಿ ಚುರುಕು. "ಎಡಗೈಗೆ ಕಟ್ಟಲ್ಲ, ಮೇಡಂ."

"ಯಾಕೆ?"

ಅವರು ನಾನಿಯ ಕಡೆ ಒಂದು ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ತಾಯಿತ ಐತಲ್ಲ. ಬಿಗಿಯಾಗಿ ಕಟ್ಟವ್ರೆ. ಬಿಚ್ಚಿ ಅಂದ್ರೆ ಅವ್ರು ಬೇಜಾರ್ ಮಾಡ್ಕತ್ತಾರೆ. ಡಾಕ್ಟ್ರೂ ಅದನ್ನೇ ಏಳಿದ್ರು, ಬಲಗೈ ಸಾಕು, ಇಂಗೇ ಇರ್ಲಿ ಅಂತ."

"ಬಿಚ್ಚಿ ಅಂತ ಯಾರಾದ್ರೂ ಕೇಳಿದ್ರಾ?"

"ಅದೆಂಗೆ ಕೇಳೋದು, ಮೇಡಂ."

ಆಸ್ಪತ್ರೆಗೆ ಸೇರಿದಂದಿನಿಂದ ಹೊತ್ತು ಹೊತ್ತಿಗೂ ಆ ಮಗುವಿನ ಬಿ.ಪಿ. ನೋಡಿದ್ದರು. ಒಮ್ಮೆಯೂ ಎಡಗೈ ಮುಟ್ಟಿರಲಿಲ್ಲ. ನಾನೂ ನಿನ್ನೆ ಆ ತಾಯಿತಕ್ಕೆ ತಂತಿ ತಗುಲದ ಹಾಗೆ ಹುಷಾರಾಗಿ ಕೆಲಸ ಮಾಡಿದ್ದೆ. ಅವರ ನಂಬಿಕೆ, ನಾವು ಕೈ ಹಾಕಬಾರದು ಎಂಬ ಮರ್ಯಾದೆ ನಮ್ಮೆಲ್ಲರದೂ. ನಾನು ನಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಈ ಕೈಯ ಬಿ.ಪಿ. ನೋಡಬೇಕಾಗಿದೆ, ತಾಯಿತ ಸ್ವಲ್ಪ ಹೊತ್ತು ತೆಗೆಯಬಹುದಾ ಎಂದೆ.

"ತೆಗೀರಿ ಅಮ್ಮಾ," ಅಂದರು ಅವರು ಏನೂ ಆಗದವರ ಹಾಗೆ. ಹಲ್ಲಿನಲ್ಲಿ ಗಂಟು ಕಚ್ಚಿ ಬಿಡಿಸಿದರು, ತಾಯಿತವನ್ನು ಮಗುವಿನ ಕೊರಳಿಗೆ ಕಟ್ಟಿದರು. "ಕೈಯಲ್ಲಿದ್ರೇನು, ಗಲೇಮೇ ಇದ್ರೇನು. ನಮಗೆ ಯಾರೂ ಕೇಳೇ ಇಲ್ಲ."

ಸಿಸ್ಟರ್ ಪಟ್ಟಿ ಕಟ್ಟಿ, ಸ್ಟೆತ್ ಇಟ್ಟು, ಗಾಳಿ ಬಿಟ್ಟರು. ಹುಬ್ಬು ಗಂಟಿಕ್ಕಿ ಮತ್ತೆ ಗಾಳಿ ತುಂಬಿದರು. "ಏನೂ ಕೇಳ್ತಿಲ್ಲ, ಮೇಡಂ." ನಾನು ಮಣಿಕಟ್ಟು ಹಿಡಿದೆ. ಬಲಗೈಯಲ್ಲಿ ಬೆರಳನ್ನು ತಳ್ಳುವ ನಾಡಿ, ಎಡಗೈಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಪೆನ್ಸಿಲ್ ಡಾಪ್ಲರ್ ಇಟ್ಟಾಗ ಮಾತ್ರ ಒಳಗಿನಿಂದ ಆ ಮೆಲ್ಲನೆಯ ಸದ್ದು ಬಂತು. ಹಾಗಾದರೆ ಇದು ಕಿಡ್ನಿಯ ರೋಗವೇ ಅಲ್ಲ. ಹೃದಯದಿಂದ ಹೊರಡುವ ದೊಡ್ಡ ನಾಳಗಳ ಗೋಡೆಯೇ ಅಲ್ಲಲ್ಲಿ ಊದಿ ದಪ್ಪವಾಗಿ ಕಿರಿದಾಗುವ ಕಾಯಿಲೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಅದು ಅಷ್ಟೇನೂ ಅಪರೂಪವಲ್ಲ.

ಅದೇ ಗಳಿಗೆಯಲ್ಲಿ ವರದಿ ಬರೆದೆ. ಎರಡೂ ಕಿಡ್ನಿಗೆ ರಕ್ತ ಕಡಿಮೆ, ಇಕ್ಕಟ್ಟು ದೊಡ್ಡ ನಾಳದಲ್ಲಿದೆ. ಅಷ್ಟು ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು. ಪೆನ್ನು ಮುಚ್ಚಿ, ಮತ್ತೆ ತೆರೆದು, ಎಡ ಕಿಡ್ನಿಯನ್ನು ತೆಗೆಯಬಾರದು ಎಂದು ಸೇರಿಸಿದೆ. ಸ್ಕ್ಯಾನ್ ಮಾಡುವವರು ಕಂಡದ್ದನ್ನು ಬರೆಯಬೇಕು, ಏನು ಮಾಡಬೇಕೆಂದು ಬರೆಯಬಾರದು. ಅದು ಅಂದಿನ ಶಿಸ್ತು.

ಸರ್ಜನ್ ಆ ಕೊನೆಯ ಸಾಲಿಗೆ ಬಂದಾಗ ಅವರ ಕಿವಿ ಕೆಂಪಾಯಿತು. "ಇದು ನೀವು ಬರೆಯೋ ಜಾಗ ಅಲ್ಲ."

"ಗೊತ್ತು, ಸರ್. ಮಿಷನ್ ನಂಬಬೇಡಿ. ಒಂದ್ ಸಲ ಬಂದು ಎರಡೂ ಕೈ ಹಿಡ್ಕೊಳ್ಳಿ."

ಬೈದುಕೊಂಡೇ ಬಂದರು. ಹುಡುಗಿಯ ಎದುರು ನಿಂತು, ಅವಳ ಎರಡು ಮಣಿಕಟ್ಟನ್ನೂ ಒಟ್ಟಿಗೆ ಹಿಡಿದು ಕಣ್ಣು ಮುಚ್ಚಿದರು. ಎಡಗೈಯ ಮೇಲಿನ ಬೆರಳುಗಳನ್ನು ಸರಿಸಿದರು, ಮತ್ತೆ ಸರಿಸಿದರು. ನನ್ನ ಯಂತ್ರವನ್ನು ನಂಬದ ಮನುಷ್ಯ ತಮ್ಮ ಬೆರಳನ್ನು ನಂಬದೆ ಇರಲು ಸಾಧ್ಯವಿರಲಿಲ್ಲ. ಕೈ ಬಿಟ್ಟು, "ಸೋಮವಾರದ್ದು ಕ್ಯಾನ್ಸಲ್ ಮಾಡಿ," ಎಂದಷ್ಟೇ ಹೇಳಿ ಹೋದರು.

ಬಣ್ಣದ ದ್ರವ ಬಿಟ್ಟು ನಾಳಗಳ ಎಕ್ಸ್‌ರೇ ತೆಗೆದು, ಸಾಧ್ಯವಾದರೆ ಬಲೂನಿನಿಂದ ಇಕ್ಕಟ್ಟನ್ನು ಹಿಗ್ಗಿಸುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಮದ್ರಾಸಿನ ಒಂದು ದೊಡ್ಡ ಆಸ್ಪತ್ರೆಗೆ ಟ್ರಂಕ್ ಕಾಲ್ ಹೋಯಿತು. ಮುಂದಿನ ವಾರದ ಕೊನೆಗೆ ಹಾಸಿಗೆ ಸಿಗಬಹುದು ಅಂದರು. ಕಾಯಬೇಕು ಎಂದಾಗ ತಂದೆಗೆ ಸಮಾಧಾನವಾಗಲಿಲ್ಲ.

"ಮೇಡಂ, ಕೆಟ್ಟಿರೋದನ್ನ ತೆಗೆದ್‌ಬಿಡಿ ಅಂತ ನಾವು ಒಪ್ಕೊಂಡಿದ್ವಿ," ಅಂದರು. "ನಮ್ ಮಂಡೀಲೂ ಅಷ್ಟೇ. ಕೊಳೆತಿರೋದು ಒಂದು ಒಳಗಿದ್ರೆ ಮೂಟೆ ಪೂರಾ ಹೋಗುತ್ತೆ."

"ಅದು ಕೊಳೆತಿಲ್ಲ ಕಣ್ರೀ. ಅದಕ್ಕೆ ರಕ್ತ ಸಿಕ್ಕಿಲ್ಲ, ಅದಕ್ಕೇ ಬೆಳೆದಿಲ್ಲ. ಸಿಕ್ರೆ ಬೆಳೆಯುತ್ತೆ."

ಬೆಳೆಯುತ್ತದೆ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ.

ಮಂಗಳವಾರ ಮಧ್ಯಾಹ್ನ ನಾನು ಭಯಪಟ್ಟಿದ್ದು ಆಯಿತು. ವಾರ್ಡಿನಿಂದ ಕರೆ ಬಂತು, ಓಡಿದೆ. ಮಂಚದ ಸುತ್ತ ಪರದೆ ಎಳೆದಿದ್ದರು. ಹುಡುಗಿ ವಾಂತಿ ಮಾಡಿಕೊಂಡು, ಕಣ್ಣು ತೆರೆದುಕೊಂಡೇ "ನಾನಿ ಎಲ್ಲಿ, ನಾನಿ ಎಲ್ಲಿ," ಅನ್ನುತ್ತಿದ್ದಳು. ನಾನಿ ಎದುರಿಗೇ ಕೂತಿದ್ದರು. ಬಿ.ಪಿ. ಯಾವತ್ತೂ ಇಲ್ಲದಷ್ಟು ಏರಿ ಮಗುವಿಗೆ ಕಣ್ಣು ಕಾಣುತ್ತಿರಲಿಲ್ಲ. ಮಕ್ಕಳ ಡಾಕ್ಟರು ದ್ರವ ತುಂಬಿದ ಬಿ.ಪಿ. ಗುಳಿಗೆಯನ್ನು ಚುಚ್ಚಿ ನಾಲಗೆಯ ಕೆಳಗೆ ಹಿಂಡಿದ್ದರು, ನರಕ್ಕೆ ಔಷಧಿ ಹನಿಸುತ್ತಿದ್ದರು. ಮುಂದಿನ ಹಂತ ಮಿದುಳಿನ ರಕ್ತಸ್ರಾವ ಎಂಬುದು ಅಲ್ಲಿದ್ದ ಎಲ್ಲ ಡಾಕ್ಟರಿಗೂ ಗೊತ್ತಿತ್ತು.

ತಂದೆ ಗೋಡೆಗೆ ಒರಗಿ ನಿಂತಿದ್ದರು. ಕೂಗಾಡಲಿಲ್ಲ. "ನಿನ್ನೆ ಆಪರೇಷನ್ ಆಗ್ಬೇಕಿತ್ತು," ಅಂದರು. "ನೀವು ಬೇಡ ಅಂದ್ರಿ."

ನಾನು ಬಗ್ಗಿ ಹುಡುಗಿಯ ಬಾಯಿ ಒರೆಸಿದೆ.

ಸರ್ಜನ್ ನನ್ನನ್ನು ವರಾಂಡಕ್ಕೆ ಕರೆದರು. ಅವರ ದನಿಯಲ್ಲಿ ಚುಚ್ಚುಮಾತಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. "ಥಿಯೇಟರ್ ಖಾಲಿ ಇದೆ. ಒತ್ತಡ ಹೆಚ್ಚು ಮಾಡ್ತಿರೋದು ಎಡಗಡೇದೇ ಜಾಸ್ತಿ ಇರ್ಬಹುದು. ತೆಗೆದ್ರೆ ಇವತ್ತಿನ ಮಟ್ಟಿಗಾದ್ರೂ ಮಗು ಉಳಿಯುತ್ತೇನೋ. ನೀವು ನೋಡಿದೀರಿ, ನಾನು ನೋಡಿಲ್ಲ. ಈಗಲೂ ಬೇಡ ಅಂತೀರಾ?"

ಕೇಳಿದ್ದು ಸರಿಯಾದ ಪ್ರಶ್ನೆಯೇ. ವರಾಂಡದ ಕಂಬ ಹಿಡಿದುಕೊಂಡು ನಾನು ಆ ಎರಡು ಅಲೆಗಳನ್ನು ಕಣ್ಣಮುಂದೆ ತಂದುಕೊಂಡೆ. ಎಡಗಡೆಯದು ಸುಸ್ತಾಗಿತ್ತು, ಆದರೆ ಇತ್ತು. ಹೃದಯದ ಪ್ರತಿ ಬಡಿತಕ್ಕೂ ಬರುತ್ತಿತ್ತು. ಬಲಗಡೆಯದು ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಚೆನ್ನಾಗಿರಲಿಲ್ಲ. ನನ್ನದು ತಪ್ಪಾಗಿದ್ದರೆ ಮಗು ಇವತ್ತೇ ಹೋಗುತ್ತದೆ. ಸರಿಯಾಗಿದ್ದೂ ತೆಗೆಯಲು ಬಿಟ್ಟರೆ, ಬಲಗಡೆಯದೂ ಕೈಕೊಟ್ಟು, ಮುಂದೆ ಎರಡೂ ಕಿಡ್ನಿ ಇಲ್ಲದ ಮಗು ಉಳಿಯುತ್ತದೆ.

"ಬೇಡ, ಸರ್," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಮಕ್ಕಳ ಡಾಕ್ಟರು ಮಂಚ ಬಿಟ್ಟು ಕದಲಲಿಲ್ಲ. ನಾನು ಸ್ಕ್ಯಾನ್ ಕೋಣೆಗೆ ಹೋಗಿ ಒಂದು ಪಿತ್ತಕೋಶ ನೋಡಿದೆ, ಏನು ನೋಡಿದೆನೋ ತಿಳಿಯದೆ ಇನ್ನೊಮ್ಮೆ ನೋಡಿದೆ, ಮತ್ತೆ ವಾರ್ಡಿಗೆ ಹೋದೆ, ಮತ್ತೆ ಬಂದೆ. ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ನೋಯತೊಡಗಿತು. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದ ಹೊತ್ತಿಗೆ ಬಿ.ಪಿ. ಇಳಿಯುವುದಕ್ಕೆ ಶುರುವಾಗಿತ್ತು. ಹುಡುಗಿ ನನ್ನ ಕಡೆ ತಿರುಗಿ, "ಆಂಟಿ, ನಿಮ್ ಸೀರೆ ಮೇಲೆ ಜೆಲ್ಲಿ," ಎಂದಳು. ಕಣ್ಣು ಕಾಣುತ್ತಿತ್ತು. ನಾನು ಬಚ್ಚಲುಮನೆಗೆ ಹೋಗಿ ಅತ್ತೆ.

ಶನಿವಾರ ಅವರು ಮದ್ರಾಸಿನ ರೈಲು ಹತ್ತಿದರು. ಅಲ್ಲಿನ ಎಕ್ಸ್‌ರೇಯಲ್ಲಿ ದೊಡ್ಡ ನಾಳ ಕಿಡ್ನಿಗಿಂತ ಮೇಲೆ ಸೊಂಟ ಕಟ್ಟಿದ ಹಾಗೆ ಕಿರಿದಾಗಿತ್ತು. ಎರಡೂ ಕಿಡ್ನಿಯ ಬಾಯಿಯೂ ಚಿಕ್ಕದಾಗಿತ್ತು. ಅಷ್ಟನ್ನು ನನ್ನ ಯಂತ್ರ ಕಂಡಿರಲಿಲ್ಲ. ಊತಕ್ಕೆ ಮಾತ್ರೆ ಕೊಟ್ಟು, ಕೆಲವು ವಾರ ಬಿಟ್ಟು, ಬಲೂನಿನಿಂದ ಮೂರನ್ನೂ ಹಿಗ್ಗಿಸಿದರು. ಬಿ.ಪಿ. ಎರಡು ಬಗೆಯ ಮಾತ್ರೆಯಲ್ಲಿ ಹಿಡಿತಕ್ಕೆ ಬಂತು. ಈ ಸುದ್ದಿಯನ್ನು ತಂದೆಯೇ ಬಂದು ಹೇಳಿದರು. ಮಂಗಳವಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಅವರು ಮದ್ರಾಸಿನಲ್ಲೇ ತೋರಿಸಿಕೊಳ್ಳುತ್ತಿದ್ದರು, ನಮ್ಮ ಕಡೆ ಬರಲಿಲ್ಲ.

ಹತ್ತಿರ ಹತ್ತಿರ ಎರಡು ವರ್ಷದ ಮೇಲೆ ಒಂದು ದಿನ ಬಂದರು. ಮದ್ರಾಸಿಗೆ ಹೋಗುವ ಮುಂಚೆ ಒಂದು ಸ್ಕ್ಯಾನ್ ಬೇಕಂತೆ. ಹುಡುಗಿ ಉದ್ದವಾಗಿದ್ದಳು, ಜಡೆ ಸೊಂಟಕ್ಕೆ ಬಂದಿತ್ತು. 'ಉಸಿರು ಹಿಡಿ' ಎಂದರೆ ಈಗ ನಿಜವಾಗಿ ಹಿಡಿಯುತ್ತಿದ್ದಳು.

ಬಲಗಡೆಯಿಂದ ಶುರು ಮಾಡಿದೆ. ಕಿಡ್ನಿ ಸಿಗಲಿಲ್ಲ. ಮತ್ತೆ ಹುಡುಕಿದಾಗ ಪಕ್ಕೆಲುಬಿನ ಕೆಳಗೆ ಬೂದು ಬಣ್ಣದ, ಮುದುಡಿದ ಒಂದು ಚೂರು ಕಂಡಿತು. ಗೆರೆ ಇಟ್ಟೆ. ಅಲೆ ಇಲ್ಲ. ಇನ್ನೊಂದು ಕಡೆ ಇಟ್ಟೆ, ಇಲ್ಲ. ಸ್ಪೀಕರಿನಲ್ಲಿ ಏನೂ ಇರಲಿಲ್ಲ. ಬಲೂನಿನಿಂದ ತೆರೆದ ಬಾಯಿ ಯಾವಾಗಲೋ ಮತ್ತೆ ಮುಚ್ಚಿಹೋಗಿತ್ತು. ಎಲ್ಲರೂ ಒಳ್ಳೆಯದು ಅಂದಿದ್ದ ಆ ಕಿಡ್ನಿ ಸದ್ದಿಲ್ಲದೆ ಸತ್ತುಹೋಗಿತ್ತು. ಹುಡುಗಿಯ ಮುಖ ನೋಡಿದೆ. ಆರಾಮವಾಗಿ ಸೀಲಿಂಗ್ ನೋಡುತ್ತಿದ್ದಳು. ಹಾಗಾದರೆ ಇಷ್ಟು ದಿನ ಇವಳು ಬದುಕಿದ್ದು ಯಾವುದರಿಂದ?

ಮಗ್ಗುಲು ತಿರುಗಿಸಿದೆ. ಪರದೆಯ ತುಂಬ ಎಡ ಕಿಡ್ನಿ ಬಂದು ನಿಂತಿತು. ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ದೊಡ್ಡದು. ಗೆರೆ ಇಟ್ಟಿದ್ದೇ ತಡ, ಅಲೆ ನೆಟ್ಟಗೆ ಎದ್ದಿತು, ಮತ್ತೆ ಎದ್ದಿತು, ಒಂದೂ ತಪ್ಪದೆ.

ಥಿಯೇಟರಿಗೆ ಹೇಳಿಕಳಿಸಿದೆ. ಸರ್ಜನ್ ಹಸಿರು ಟೋಪಿಯಲ್ಲೇ ಬಂದರು, ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು.

"ಚೆನ್ನಾಗಿದೆಯಲ್ಲ. ಯಾವ ಕಡೇದು?"

"ಎಡಗಡೇದು, ಸರ್."

"ಬಲಗಡೇದು ತೋರಿಸಿ."

"ಬಲಗಡೆ ಏನೂ ಉಳಿದಿಲ್ಲ, ಸರ್."

ಅವರು ಬಗ್ಗಿದ್ದವರು ಹಾಗೆಯೇ ನಿಂತರು. ಹುಡುಗಿ ತಲೆಯೆತ್ತಿ ಅವರನ್ನು ನೋಡಿ ನಕ್ಕಳು. ಅವಳಿಗೆ ಅವರ ಗುರುತೇ ಇರಲಿಲ್ಲ. ಅವರು ನಿಧಾನವಾಗಿ ಟೋಪಿ ತೆಗೆದು, ಸ್ಟೂಲ್ ಎಳೆದುಕೊಂಡು, ಅವಳ ಮಂಚದ ಪಕ್ಕ ಕೂತರು.

"ಸೌಂಡ್ ಸ್ವಲ್ಪ ಜಾಸ್ತಿ ಮಾಡಿ," ಅಂದರು.